ಆಂಟೆನಾ ಒಬ್ಬರ ಮೇಜಿನಲ್ಲಿ, ಪಿಎ ಇನ್ನೊಬ್ಬರ ಮೇಜಿನಲ್ಲಿ

ಸಾಗರದ ಹತ್ತಿರ ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಇದೆ. ಮನೆ ಮೇಲೆ ಗುಡ್ಡದಲ್ಲಿ, ತೋಟ ಕೆಳಗೆ ಕಣಿವೆಯಲ್ಲಿ. ಕೊಳೆರೋಗ ಬರುವ ಕಾಲದಲ್ಲಿ ಗೊನೆ, ಎಲೆಗಳ ಮೇಲೆ ಎಷ್ಟು ಹೊತ್ತು ತೇವ ನಿಂತಿತ್ತು ಅಂತ ಗೊತ್ತಾದರೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಸರಿಯಾದ ಸಮಯಕ್ಕೆ ಇಟ್ಟುಕೊಳ್ಳಬಹುದು. ಅದಕ್ಕಾಗಿ ನಮ್ಮ ತಂಡ ಒಂದು ಸಣ್ಣ ಪೆಟ್ಟಿಗೆ ಮಾಡಿತು. ಬೋರ್ಡ್ 60 ಮಿಲಿಮೀಟರ್ ಉದ್ದ, 35 ಅಗಲ. ಅದರ ಮೇಲೆ ತೇವ ಅಳೆಯುವ ಸೆನ್ಸರ್, ಕಡಿಮೆ ಪವರಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ಲೋರಾ ರೇಡಿಯೊ, ಅದರ ಮುಂದೆ ಅರ್ಧ ವ್ಯಾಟಿನ ಪವರ್ ಆಂಪ್ಲಿಫೈಯರ್, ತುದಿಯಲ್ಲಿ ಒಂದು ಆಂಟೆನಾ. ಕೆಳಗಡೆ ಬ್ಯಾಟರಿ. ಗೇಟ್‌ವೇ (ಆ ಸಂದೇಶ ಹಿಡಿದುಕೊಳ್ಳುವ ಉಪಕರಣ) ಚಿಕ್ಕಪ್ಪನ ಮನೆಯ ಮಾಡಿನ ಮೇಲೆ.

ಬೆಂಗಳೂರಿನಲ್ಲಿ ಮೇಜಿನ ಮೇಲೆ ಎಲ್ಲ ಚೆನ್ನಾಗಿತ್ತು. ಆಂಪ್ಲಿಫೈಯರ್ 27 ಡಿಬಿಎಂ, ಅಂದರೆ ಅರ್ಧ ವ್ಯಾಟ್ ಕೊಡುತ್ತಿತ್ತು. ಆಂಟೆನಾವನ್ನು ಬೇರೆಯಾಗಿ ಅಳೆದಾಗ 866 ಮೆಗಾಹರ್ಟ್ಸ್‌ನಲ್ಲಿ ಸರಿಯಾಗಿ ಕೂತಿತ್ತು. ಎರಡೂ ಪಾಸ್. ಎರಡನ್ನೂ ಸೇರಿಸಿ, ಪೆಟ್ಟಿಗೆ ಮುಚ್ಚಿ, ತೋಟಕ್ಕೆ ಇಳಿಸಿದರೆ ಮುನ್ನೂರು ಮೀಟರ್ ದಾಟುತ್ತಿರಲಿಲ್ಲ. ಮಳೆ ಶುರುವಾದ ಮೇಲೆ ಅದೂ ಇಲ್ಲ. ಚಿಕ್ಕಪ್ಪ ಫೋನ್ ಮಾಡಿ, "ನಿನ್ನ ಪೆಟ್ಟಿಗೆ ಮಳೆ ಬಂದ ಕೂಡಲೆ ಮಾತು ನಿಲ್ಲಿಸ್ತದೆ ಮಾರಾಯ, ನಮಗೆ ಬೇಕಾದದ್ದೇ ಆಗ ಅಲ್ವಾ?" ಅಂದರು. ಆ ಮಾತು ನನ್ನ ತಲೆಯಿಂದ ಬಹಳ ದಿನ ಹೋಗಲಿಲ್ಲ.

ಆಮೇಲಿನ ನಾಲ್ಕೈದು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹಾರ್ಡ್‌ವೇರ್ ಕೆಲಸ ಶುರು ಮಾಡಿರುವ ಕನ್ನಡದ ಹುಡುಗ ಹುಡುಗಿಯರು ತುಂಬಾ ಜನ ಇದ್ದಾರೆ, ಅವರಿಗೆ ಉಪಯೋಗವಾಗಲಿ ಅಂತ.

ಪಿಎ ಅಂದರೆ ಪವರ್ ಆಂಪ್ಲಿಫೈಯರ್. ರೇಡಿಯೊ ಚಿಪ್ ಕೊಡುವ ಸಣ್ಣ ಸಿಗ್ನಲ್ಲನ್ನು ಬಲಪಡಿಸಿ ಆಂಟೆನಾಗೆ ತಳ್ಳುವುದು ಅದರ ಕೆಲಸ. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್ ಬ್ಯಾಂಡಿಗೆ ಲೈಸೆನ್ಸ್ ಬೇಡ, ಟ್ರಾನ್ಸ್‌ಮಿಟರಿನಿಂದ 1 ವ್ಯಾಟ್‌ವರೆಗೆ ಕಳಿಸಲು ಅನುಮತಿ ಇದೆ. ಹಾಗಾಗಿ ಅರ್ಧ ವ್ಯಾಟ್ ಅಂತ ಇಟ್ಟುಕೊಂಡೆವು. ಪಿಎ ಕೆಲಸ ಒಬ್ಬರ ಕೈಯಲ್ಲಿ, ಆಂಟೆನಾ ಕೆಲಸ ಇನ್ನೊಬ್ಬರ ಕೈಯಲ್ಲಿ. ಇಬ್ಬರ ನಡುವೆ ಇದ್ದ ಒಪ್ಪಂದ ಒಂದೇ: 50 ಓಮ್ ರೋಧ (ಇಂಪೀಡೆನ್ಸ್). ನಾನು 50 ಓಮ್‌ಗೆ ಕೊಡುತ್ತೇನೆ, ನೀನು 50 ಓಮ್ ಆಗಿ ಕಾಣಿಸು. ಪ್ರಪಂಚದ ಬಹುಪಾಲು ರೇಡಿಯೊ ಕೆಲಸ ನಡೆಯುವುದೇ ಹೀಗೆ.

ಈ 50 ಎಲ್ಲಿಂದ ಬಂತು? ಕೇಬಲ್ಲಿನಿಂದ ಬಂತು. ಒಳಗೆ ಗಾಳಿ ಇರುವ ಕೋಆಕ್ಸಿಯಲ್ ಕೇಬಲ್ಲಿನಲ್ಲಿ ಜಾಸ್ತಿ ಪವರ್ ಸಾಗಿಸಬೇಕಾದರೆ 30 ಓಮ್ ಹತ್ತಿರ ಒಳ್ಳೆಯದು, ನಷ್ಟ ಕಡಿಮೆ ಆಗಬೇಕಾದರೆ 77 ಓಮ್ ಹತ್ತಿರ. ಎರಡರ ನಡುವೆ ರಾಜಿಯಾಗಿ 50 ನಿಂತಿತು. ದೊಡ್ಡ ಸ್ಟೇಷನ್ನುಗಳಲ್ಲಿ, ಪಿಎ ಒಂದು ಕೋಣೆಯಲ್ಲಿ ಆಂಟೆನಾ ಟವರ್ ಮೇಲೆ ಇರುವಾಗ ಇದು ಸರಿಯಾದ ಲೆಕ್ಕ. ನನ್ನ ಬೋರ್ಡಿನಲ್ಲಿ ಕೇಬಲ್ಲೇ ಇಲ್ಲ. ಪಿಎಯಿಂದ ಆಂಟೆನಾಗೆ 2 ಸೆಂಟಿಮೀಟರ್ ತಾಮ್ರದ ಗೆರೆ, ಅಷ್ಟೆ.

ಮೊದಲು ಪಿಎ ಕಡೆ ನೋಡಿ. 3.3 ವೋಲ್ಟ್ ಕೊಡುತ್ತೇವೆ. ಟ್ರಾನ್ಸಿಸ್ಟರ್ ತನಗಾಗಿ ಒಂದು 0.3 ಇಟ್ಟುಕೊಳ್ಳುತ್ತದೆ, ಉಳಿದದ್ದು 3 ವೋಲ್ಟ್. ಅಷ್ಟರಲ್ಲಿ ಅರ್ಧ ವ್ಯಾಟ್ ಹೊರಗೆ ಬರಬೇಕಾದರೆ ಅದಕ್ಕೆ ಎಷ್ಟು ಓಮ್ ಲೋಡ್ ಬೇಕು? ವೋಲ್ಟೇಜಿನ ವರ್ಗವನ್ನು ಪವರಿನ ಎರಡರಷ್ಟರಿಂದ ಭಾಗಿಸಿ. 9 ಭಾಗಿಸು 1. ಬರೀ 9 ಓಮ್. ಒಂದು ವ್ಯಾಟ್ ಬೇಕು ಅಂದರೆ ನಾಲ್ಕೂವರೆ ಓಮ್. ಬ್ಯಾಟರಿ ಸಣ್ಣದಾದಷ್ಟೂ, ಪವರ್ ಜಾಸ್ತಿ ಕೇಳಿದಷ್ಟೂ ಪಿಎ 50ರಿಂದ ದೂರ ಹೋಗುತ್ತದೆ. ನಾವು ಕೊಳ್ಳುವ ಪಿಎ ಚಿಪ್ಪಿನ ಕಾಲಿನಲ್ಲಿ 50 ಓಮ್ ಅಂತ ಬರೆದಿದ್ದರೆ, ಒಳಗೆ ಯಾರೋ ಆ 9ನ್ನು 50ಕ್ಕೆ ಏರಿಸಿ ಕೊಟ್ಟಿದ್ದಾರೆ ಅಂತ ಅರ್ಥ.

ಈಗ ಆಂಟೆನಾ ಕಡೆ. 866 ಮೆಗಾಹರ್ಟ್ಸ್‌ನ ತರಂಗದ ಉದ್ದ 34.6 ಸೆಂಟಿಮೀಟರ್. ಅದರ ಕಾಲು ಭಾಗ 8.7 ಸೆಂಟಿಮೀಟರ್. ನನ್ನ ಇಡೀ ಬೋರ್ಡೇ 6. ಇಷ್ಟು ಸಣ್ಣ ಜಾಗದಲ್ಲಿ ಆಂಟೆನಾ ಮಡಚಿ, ಸುತ್ತಿ, ಪಿಂಗಾಣಿ ಚಿಪ್ಪಿನೊಳಗೆ ತುರುಕಿ ಏನೇ ಮಾಡಿದರೂ ಅದರ ನಿಜವಾದ ರೋಧ ಕೆಲವೇ ಓಮ್. ನಮ್ಮದು 12ರ ಹತ್ತಿರ ಇತ್ತು, ಜೊತೆಗೆ ದೊಡ್ಡ ಕೆಪಾಸಿಟರ್ ಅಂಶ. ಅದನ್ನೂ ಇಂಡಕ್ಟರ್, ಕೆಪಾಸಿಟರ್ ಹಾಕಿ 50ಕ್ಕೆ ಏರಿಸಿದ್ದೆವು.

ಅಂದರೆ 9ನ್ನು 50ಕ್ಕೆ ಏರಿಸಿ, ಆ 50ನ್ನು ಮತ್ತೆ 12ಕ್ಕೆ ಇಳಿಸುತ್ತಿದ್ದೆವು. ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗಬೇಕಾದವರು ಆಗುಂಬೆ ಘಟ್ಟ ಇಳಿದು, ಮತ್ತೆ ಹುಲಿಕಲ್ ಘಟ್ಟ ಹತ್ತಿ ಬಂದ ಹಾಗೆ. ಪ್ರತಿ ಘಟ್ಟದಲ್ಲೂ ಸ್ವಲ್ಪ ಪವರ್ ಶಾಖವಾಗಿ ಹೋಗುತ್ತದೆ, ಯಾಕೆಂದರೆ ಆ ಪುಟಾಣಿ ಇಂಡಕ್ಟರುಗಳಿಗೆ ತಮ್ಮದೇ ನಷ್ಟ ಇರುತ್ತದೆ. ಒಟ್ಟಾರೆ ಒಂದು ಡಿಬಿ ಹೋಯಿತು ಅಂದುಕೊಳ್ಳಿ. ಒಂದು ಡಿಬಿ ಅಂದರೆ ಶೇಕಡಾ 20. ಬ್ಯಾಟರಿಯಿಂದ 400 ಮಿಲಿಆಂಪ್ ಎಳೆಯುವ ಪಿಎಯಲ್ಲಿ 80 ಮಿಲಿಆಂಪ್ ಬೋರ್ಡ್ ಬಿಸಿ ಮಾಡಲಿಕ್ಕೇ ಖರ್ಚು.

ಇದು ನಷ್ಟದ ಮಾತು. ಆದರೆ ನಮ್ಮ ಪೆಟ್ಟಿಗೆ ಮುನ್ನೂರು ಮೀಟರಿಗೆ ನಿಂತದ್ದಕ್ಕೆ ಇದು ಮುಖ್ಯ ಕಾರಣ ಅಲ್ಲ.

ಮುಖ್ಯ ಕಾರಣ ಗ್ರೌಂಡ್, ಅಂದರೆ ಬೋರ್ಡಿನ ತಾಮ್ರದ ಹಾಸು. ಚಿಪ್ ಆಂಟೆನಾ ಕೊಂಡಾಗ ಅದರ ಡೇಟಾಶೀಟಿನಲ್ಲಿ ಒಂದು ಚಂದದ ಗ್ರಾಫ್ ಇರುತ್ತದೆ. ಆ ಗ್ರಾಫ್ ಯಾವ ಬೋರ್ಡಿನ ಮೇಲೆ ಅಳೆದದ್ದು ಅಂತ ಕೆಳಗಿನ ಸಾಲು ಓದಬೇಕು. ನಾವು ತಂದದ್ದನ್ನು ನಮ್ಮದಕ್ಕಿಂತ ಎರಡರಷ್ಟು ಉದ್ದದ ಬೋರ್ಡಿನ ಮೇಲೆ ಅಳೆದಿದ್ದರು. ಆಂಟೆನಾ ಅಂತ ಮಾರುವ ಆ ಬಿಳಿ ತುಂಡು ಅರ್ಧ ಆಂಟೆನಾ ಮಾತ್ರ, ಉಳಿದರ್ಧ ನಿಮ್ಮ ಬೋರ್ಡಿನ ತಾಮ್ರ. ಕರೆಂಟ್ ಅಲ್ಲೂ ಹರಿಯುತ್ತದೆ, ಅಲ್ಲಿಂದಲೂ ರೇಡಿಯೇಷನ್ ಆಗುತ್ತದೆ. ಬೋರ್ಡ್ ಕತ್ತರಿಸಿದರೆ ಆಂಟೆನಾ ಕತ್ತರಿಸಿದ ಹಾಗೆ. ಸಣ್ಣ ಆಂಟೆನಾಗಳಿಗೆ ಒಂದು ಮಿತಿ ಇದೆ ಅಂತ 1947ರಲ್ಲಿ ಹೆರಾಲ್ಡ್ ವೀಲರ್, 1948ರಲ್ಲಿ ಎಲ್. ಜೆ. ಚು ಎಂಬ ಎಂಜಿನಿಯರುಗಳು ಲೆಕ್ಕ ಹಾಕಿ ತೋರಿಸಿದರು. ತರಂಗದ ಉದ್ದಕ್ಕೆ ಹೋಲಿಸಿದರೆ ಆಂಟೆನಾ ತುಂಬಾ ಸಣ್ಣದಿರುವಾಗ, ಅದನ್ನು ಸುತ್ತುವ ಗೋಳದ ತ್ರಿಜ್ಯ ಅರ್ಧ ಮಾಡಿದರೆ, ಅದು ಚೆನ್ನಾಗಿ ಕೆಲಸ ಮಾಡುವ ಫ್ರೀಕ್ವೆನ್ಸಿಗಳ ಅಗಲ, ಅಂದರೆ ಬ್ಯಾಂಡ್‌ವಿಡ್ತ್ ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಷ್ಟು ಹೊಸ ವಸ್ತು ಬಂದರೂ, ಎಷ್ಟು ಜಾಣ ಆಕಾರ ಬಂದರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲು ಆಗಿಲ್ಲ. ಬ್ಯಾಂಡ್‌ವಿಡ್ತ್ ಇಲ್ಲದ ಆಂಟೆನಾ ಯಾವುದಕ್ಕೂ ಬೇಗ ಹದ ತಪ್ಪುತ್ತದೆ. ಕೈ ಹತ್ತಿರ ಬಂದರೆ, ಪೆಟ್ಟಿಗೆ ಮುಚ್ಚಿದರೆ, ನೀರು ಬಿದ್ದರೆ.

ಹಾಗಾದರೆ ಮೇಜಿನ ಮೇಲೆ ನಾವು ಅಳೆದಾಗ ಸರಿ ಬಂದದ್ದು ಹೇಗೆ? ಇದು ನನಗೆ ತುಂಬಾ ತಡವಾಗಿ ಹೊಳೆಯಿತು. ಅಳೆಯುವಾಗ ವಿಎನ್ಎಯಿಂದ (ಆಂಟೆನಾದ ಹದ ಅಳೆಯುವ ಉಪಕರಣ) ಒಂದು ಮೀಟರ್ ಕೇಬಲ್ ತಂದು ಬೋರ್ಡಿಗೆ ಸೋಲ್ಡರ್ ಮಾಡಿದ್ದೆವು. ಗ್ರೌಂಡ್ ಸಣ್ಣದಿದ್ದ ಕಾರಣ ಕರೆಂಟ್ ಕೇಬಲ್ಲಿನ ಹೊರಮೈ ಮೇಲೆ ಓಡಿತ್ತು. ಅಂದರೆ ಕೇಬಲ್ಲೇ ಆಂಟೆನಾದ ಉಳಿದರ್ಧ ಆಗಿತ್ತು! ಕೇಬಲ್ ತೆಗೆದಾಗ ಅದೂ ಹೋಯಿತು. ಪರೀಕ್ಷೆ ಮಾಡುವುದು ಸುಲಭ: ಅಳೆಯುತ್ತಿರುವಾಗ ಕೇಬಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಗ್ರಾಫ್ ಅಲುಗಾಡಿದರೆ ಆ ಅಳತೆ ನಂಬಬೇಡಿ. ಬೋರ್ಡಿನ ಹತ್ತಿರವೇ ಕೇಬಲ್ಲಿಗೆ ಎರಡು ಮೂರು ಫೆರೈಟ್ ಮಣಿ ಪೋಣಿಸಿದರೆ ಬಹಳಷ್ಟು ಸರಿ ಹೋಗುತ್ತದೆ. ಕೈಯಲ್ಲಿ ಹಿಡಿಯುವ ನ್ಯಾನೊವಿಎನ್ಎಯನ್ನು ಬೋರ್ಡಿಗೆ ತುಂಬಾ ಹತ್ತಿರ ಇಟ್ಟರೂ ಇದೇ ತೊಂದರೆ, ಆ ಉಪಕರಣವೇ ಗ್ರೌಂಡ್ ಆಗಿಬಿಡುತ್ತದೆ.

ಈಗ ಎರಡೂ ಸೇರಿದಾಗ ಆಗುವ ವಿಷಯಕ್ಕೆ ಬರುತ್ತೇನೆ, ನನಗೆ ಇದರಲ್ಲೇ ಜಾಸ್ತಿ ಆಸಕ್ತಿ. ಆಂಟೆನಾ ಹದ ತಪ್ಪಿದಾಗ ಪವರ್ ವಾಪಸ್ ಬರುತ್ತದೆ. ವಿಎಸ್‌ಡಬ್ಲ್ಯುಆರ್ (ಹದ ಎಷ್ಟು ತಪ್ಪಿದೆ ಅನ್ನುವ ಅಳತೆ, ಪೂರ್ತಿ ಸರಿ ಇದ್ದರೆ 1) 3 ಆದರೆ ಕಾಲು ಭಾಗ ವಾಪಸ್. ಕಾಲು ಭಾಗ ತಾನೇ, ಉಳಿದ ಮುಕ್ಕಾಲು ಹೋಗುತ್ತದಲ್ಲ ಅಂತ ಸುಮ್ಮನಿರುವ ಹಾಗಿಲ್ಲ. ಪಿಎಗೆ ಬೇಕಾಗಿದ್ದ 9 ಓಮ್ ಈಗ 3 ಆಗಿರಬಹುದು, 27 ಆಗಿರಬಹುದು, ಅಥವಾ ನಡುವೆ ಎಲ್ಲೋ. 3 ಆದರೆ ಪಿಎ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. 27 ಆದರೆ ವೋಲ್ಟೇಜ್ ತಲೆ ಮುಟ್ಟಿ ಪವರ್ ಕುಸಿಯುತ್ತದೆ. ಎರಡರಲ್ಲಿ ಯಾವುದು ಅನ್ನುವುದು ನಡುವಿನ ಗೆರೆಯ ಉದ್ದದ ಮೇಲೆ ನಿಂತಿದೆ. ಸಾಧಾರಣ ಎಫ್‌ಆರ್4 ಬೋರ್ಡಿನಲ್ಲಿ 866 ಮೆಗಾಹರ್ಟ್ಸ್‌ಗೆ ಸುಮಾರು 5 ಸೆಂಟಿಮೀಟರ್ ಗೆರೆ ಉದ್ದ ಮಾಡಿದರೆ 3ರ ತುದಿಯಿಂದ 27ರ ತುದಿಗೆ ಹೋಗಿರುತ್ತೀರಿ. ನಮ್ಮ ಎರಡು ಬೋರ್ಡುಗಳಲ್ಲಿ ಆಂಟೆನಾ ಒಂದೇ, ಪಿಎ ಒಂದೇ, ಗೆರೆ ಮಾತ್ರ ಸ್ವಲ್ಪ ಬೇರೆ. ಒಂದು ಬಿಸಿಯಾಗುತ್ತಿತ್ತು, ಇನ್ನೊಂದು ತಣ್ಣಗಿದ್ದು ದೂರ ಹೋಗುತ್ತಿರಲಿಲ್ಲ. ಎರಡು ವಾರ ನಾವು ಚಿಪ್ಪಿನ ಬ್ಯಾಚ್ ಕೆಟ್ಟಿದೆ ಅಂತಲೇ ನಂಬಿದ್ದೆವು.

ಹಿಂದೆ ಸಿಡಿಎಂಎ ಫೋನುಗಳಲ್ಲಿ ಪಿಎ ಮತ್ತು ಆಂಟೆನಾ ನಡುವೆ ಐಸೊಲೇಟರ್ ಅಂತ ಒಂದು ಫೆರೈಟ್ ತುಂಡು ಇಡುತ್ತಿದ್ದರು. ಮುಂದಕ್ಕೆ ಬಿಡುತ್ತದೆ, ವಾಪಸ್ ಬಂದದ್ದನ್ನು ತಾನೇ ನುಂಗುತ್ತದೆ. ಜಾಗ ಮತ್ತು ದುಡ್ಡು ಉಳಿಸಲು ಅದನ್ನು ತೆಗೆದರು. ಅಂದಿನಿಂದ ಪಿಎ ಆಂಟೆನಾದ ಎದುರು ನೇರವಾಗಿ ನಿಂತಿದೆ.

ಹಾರ್ಮೋನಿಕ್ ಇನ್ನೊಂದು ಪಾಠ. ಪಿಎ ಮೂಲ ಫ್ರೀಕ್ವೆನ್ಸಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟರಲ್ಲೂ ಸ್ವಲ್ಪ ಚೆಲ್ಲುತ್ತದೆ, ಅವೇ ಹಾರ್ಮೋನಿಕ್. 866ರ ಎರಡರಷ್ಟು 1732. ಅದು 1800 ಬ್ಯಾಂಡಿನಲ್ಲಿ ಮೊಬೈಲುಗಳು ಟವರಿಗೆ ಮಾತಾಡುವ 1710ರಿಂದ 1785ರ ಜಾಗದ ಒಳಗೇ ಬೀಳುತ್ತದೆ. ಅಲ್ಲಿ ಗಲಾಟೆ ಮಾಡುವ ಹಾಗಿಲ್ಲ, ಮಾಡಬಾರದು ಕೂಡ. ಕೇಬಲ್ ಹಾಕಿ ಅಳೆದಾಗ ನಮ್ಮ ಫಿಲ್ಟರ್ ಅದನ್ನು ಚೆನ್ನಾಗಿ ತಡೆಯುತ್ತಿತ್ತು. ಟೆಸ್ಟ್ ಲ್ಯಾಬಿನಲ್ಲಿ ಗಾಳಿಯಲ್ಲಿ ಅಳೆದಾಗ ಫೇಲ್. ಫಿಲ್ಟರ್ ಲೆಕ್ಕ ಹಾಕಿದ್ದು ಎರಡೂ ಕಡೆ 50 ಓಮ್ ಇದೆ ಅಂತ. 1732ರಲ್ಲಿ ಆಂಟೆನಾ 50 ಓಮ್ ಅಲ್ಲವೇ ಅಲ್ಲ, ಆಗ ಆ ಫಿಲ್ಟರ್ ಬೇರೆಯೇ ಫಿಲ್ಟರ್. ಜೊತೆಗೆ ಮಡಚಿದ ಆಂಟೆನಾಗಳು ಮೇಲಿನ ಫ್ರೀಕ್ವೆನ್ಸಿಗಳಲ್ಲೂ ಎಲ್ಲೋ ಒಂದು ಕಡೆ ಚೆನ್ನಾಗಿ ರೇಡಿಯೇಟ್ ಮಾಡುತ್ತವೆ. ಪಿಎ ಚಿಪ್ಪಿನ ಪಕ್ಕದ ತಾಮ್ರವೇ ನೇರವಾಗಿ ಚೆಲ್ಲುವುದೂ ಉಂಟು. ಎಸ್‌ಪಿ ರೋಡಿನಿಂದ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ತಂದ ತಾಮ್ರದ ಟೇಪಿನಲ್ಲಿ ಪಿಎಗೆ ಒಂದು ಗೂಡು ಕಟ್ಟಿ, ಅಂಚಿನ ಉದ್ದಕ್ಕೂ ಗ್ರೌಂಡಿಗೆ ಸೋಲ್ಡರ್ ಮಾಡಿ ನೋಡಿದೆವು. ಅರ್ಧ ತೊಂದರೆ ಅಲ್ಲೇ ಕಡಿಮೆಯಾಯಿತು. ಉಳಿದರ್ಧಕ್ಕೆ ಆಂಟೆನಾದ ಆಕಾರವನ್ನೇ ಬದಲಿಸಬೇಕಾಯಿತು.

ಬ್ಯಾಟರಿಯನ್ನು ನಾನು ಪಿಎ ಮತ್ತು ಆಂಟೆನಾದಿಂದ ಬೇರೆ ಮಾಡಿ ನೋಡುವುದನ್ನು ಬಿಟ್ಟಿದ್ದೇನೆ. ನಮ್ಮದು 3.6 ವೋಲ್ಟಿನ ಲಿಥಿಯಂ ಥಯೊನೈಲ್ ಕ್ಲೋರೈಡ್ ಸೆಲ್. ವರ್ಷಗಟ್ಟಲೆ ಬಾಳುತ್ತದೆ, ಆದರೆ ಒಂದೇ ಸಲ ಜಾಸ್ತಿ ಕರೆಂಟ್ ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ. ಲೋರಾದಲ್ಲಿ ಅತಿ ದೂರದ ಸೆಟ್ಟಿಂಗಿನಲ್ಲಿ ಒಂದು ಸಂದೇಶ ಹೋಗಲು ಒಂದು ಸೆಕೆಂಡಿಗೂ ಜಾಸ್ತಿ ಬೇಕು. 400 ಮಿಲಿಆಂಪ್, 1.3 ಸೆಕೆಂಡ್, ಅರ್ಧ ವೋಲ್ಟಿಗಿಂತ ಜಾಸ್ತಿ ಇಳಿಯಬಾರದು. ಲೆಕ್ಕ ಹಾಕಿದರೆ ಸುಮಾರು 1 ಫ್ಯಾರಡ್ ಬರುತ್ತದೆ. ಮಾಮೂಲಿ ಕೆಪಾಸಿಟರಿನಿಂದ ಆಗುವ ಕೆಲಸ ಅಲ್ಲ, ಸೂಪರ್ ಕೆಪಾಸಿಟರ್ ಬೇಕು. ತಂದು ಖಾಲಿ ಇದ್ದ ಮೂಲೆಯಲ್ಲಿ ಕೂರಿಸಿದೆವು. ಆ ಮೂಲೆ ಖಾಲಿ ಇದ್ದದ್ದು ಆಂಟೆನಾಗೋಸ್ಕರ! ಲೋಹದ ಡಬ್ಬಿ ಪಕ್ಕಕ್ಕೆ ಬಂದ ಕೂಡಲೆ ಆಂಟೆನಾ ಹದ ತಪ್ಪಿತು, ಪಿಎಯ ಲೋಡ್ ಬದಲಾಯಿತು, ಕರೆಂಟ್ 400ರಿಂದ 460ಕ್ಕೆ ಏರಿತು, ವೋಲ್ಟೇಜ್ ಮತ್ತೆ ಕುಸಿಯಿತು. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದೆವು.

ಪಿಎ ಕರೆಂಟ್ ಅಂದಾಗ ಒಂದು ಹಳೆಯ ನೆನಪು. 2000ದ ದಶಕದಲ್ಲಿ ಫೋನ್ ರಿಂಗ್ ಆಗುವ ಮೊದಲೇ ಪಕ್ಕದಲ್ಲಿದ್ದ ರೇಡಿಯೊ ಟಿಕ್ ಟಿಕ್ ಟಿಕ್ ಜುರ್‍ರ್ ಅನ್ನುತ್ತಿತ್ತಲ್ಲ, ನೆನಪಿದೆಯಾ? ಜಿಎಸ್ಎಂ ಫೋನಿನ ಪಿಎ 900 ಬ್ಯಾಂಡಿನಲ್ಲಿ 2 ವ್ಯಾಟ್‌ವರೆಗೆ ಕಳಿಸುತ್ತಿತ್ತು, ಆದರೆ ಎಂಟರಲ್ಲಿ ಒಂದು ಪಾಲು ಸಮಯ ಮಾತ್ರ, ಸೆಕೆಂಡಿಗೆ 217 ಸಲ ಆನ್ ಆಗಿ ಆಫ್ ಆಗುತ್ತಾ. ಮಾತು ಶುರುವಾದ ಮೇಲಿನ ಆ ಗುಂಯ್ ಸದ್ದು ಅದೇ 217. ನಮ್ಮ ಮನೆಯಲ್ಲಿ ಅಮ್ಮ ಆ ಸದ್ದು ಕೇಳಿಯೇ "ಫೋನ್ ಬಂತು ನೋಡು" ಅನ್ನುತ್ತಿದ್ದರು. ಆಂಟೆನಾದಿಂದ ಹೊರಟದ್ದು ಪಕ್ಕದ ಸರ್ಕ್ಯೂಟಿಗೆ ನುಗ್ಗುವುದು ಅಂದರೆ ಇದೇ. ನಮ್ಮ ಬೋರ್ಡಿನಲ್ಲಿ ಆ ಪಕ್ಕದ ಸರ್ಕ್ಯೂಟ್ ಪಿಎಯೇ ಆಗಿತ್ತು. ಆಂಟೆನಾ ಚೆಲ್ಲಿದ್ದು ಪಿಎಯ ಇನ್‌ಪುಟ್ಟಿಗೂ ಸಪ್ಲೈ ಗೆರೆಗೂ ಮರಳಿ ಬಂದು ಒಮ್ಮೊಮ್ಮೆ ಅದು ತಾನೇ ಕೂಗಲು ಶುರು ಮಾಡುತ್ತಿತ್ತು. ಪಿಎಯನ್ನು ಆಂಟೆನಾದಿಂದ ದೂರ ಸರಿಸಿ, ಸಪ್ಲೈಗೆ ಫೆರೈಟ್ ಮಣಿ ಹಾಕಿ, ಗ್ರೌಂಡ್ ವಯಾಗಳನ್ನು (ಬೋರ್ಡಿನ ಪದರಗಳನ್ನು ಸೇರಿಸುವ ತಾಮ್ರ ಲೇಪಿಸಿದ ಸಣ್ಣ ತೂತುಗಳು) ಬೇಲಿಯ ಹಾಗೆ ಸಾಲಾಗಿ ನೆಟ್ಟ ಮೇಲೆ ನಿಂತಿತು.

ಇನ್ನು ಮಳೆ. ನೀರಿನ ಡೈಎಲೆಕ್ಟ್ರಿಕ್ ಅಂಕ (ರೇಡಿಯೊ ತರಂಗವನ್ನು ಒಂದು ವಸ್ತು ಎಷ್ಟು ನಿಧಾನ ಮಾಡುತ್ತದೆ ಅಂತ ತಿಳಿಸುವ ಸಂಖ್ಯೆ) 80ರ ಹತ್ತಿರ. ಪೆಟ್ಟಿಗೆಯ ಮೇಲೆ ನೀರಿನ ಪದರ ನಿಂತರೆ ಒಳಗಿನ ಆಂಟೆನಾದ ಫ್ರೀಕ್ವೆನ್ಸಿ ಕೆಳಗೆ ಜಾರುತ್ತದೆ. ಅದಕ್ಕೂ ಮೊದಲು ನಾವೇ ಒಂದು ತಪ್ಪು ಮಾಡಿದ್ದೆವು. ತೇವ ಒಳಗೆ ಹೋಗಬಾರದು ಅಂತ ಇಡೀ ಬೋರ್ಡಿನ ಮೇಲೆ ಪಾಟಿಂಗ್ ರಾಳ ಸುರಿದಿದ್ದೆವು. ಅದರ ಅಂಕ 3ರ ಆಸುಪಾಸು. ಗಾಳಿಯಲ್ಲಿ 866ಕ್ಕೆ ಹದ ಮಾಡಿದ ಆಂಟೆನಾ ರಾಳದಲ್ಲಿ ಮುಳುಗಿದ ಮೇಲೆ ತುಂಬಾ ಕೆಳಗೆ ಹೋಗಿತ್ತು. ಮಳೆ ಉಳಿದ ಕೆಲಸ ಮುಗಿಸಿತು. ಈಗ ಆಂಟೆನಾ ಭಾಗಕ್ಕೆ ರಾಳ ಹಾಕುವುದಿಲ್ಲ. ಪೆಟ್ಟಿಗೆಯ ಗೋಡೆಗೂ ಆಂಟೆನಾಗೂ 6 ಮಿಲಿಮೀಟರ್ ಗಾಳಿ ಬಿಟ್ಟಿದ್ದೇವೆ, ಮೇಲ್ಭಾಗವನ್ನು ನಮ್ಮ ಮಲೆನಾಡಿನ ಮಾಡಿನ ಹಾಗೆ ಇಳಿಜಾರು ಮಾಡಿದ್ದೇವೆ, ನೀರು ನಿಲ್ಲುವುದಿಲ್ಲ. ಹದ ಮಾಡುವುದನ್ನು ಬೇಕಂತಲೇ ಸ್ವಲ್ಪ ಮೇಲಕ್ಕೆ ಇಟ್ಟಿದ್ದೇವೆ. ಒದ್ದೆಯಾದಾಗ 866ರ ಹತ್ತಿರ ಬರಲಿ ಅಂತ.

ದೊಡ್ಡವರಿಗೂ ಇದು ಸುಲಭವಾಗಿ ಬಗ್ಗಿಲ್ಲ. 2010ರಲ್ಲಿ ಐಫೋನ್ 4 ಬಂದಾಗ ಹೊರಗಿನ ಲೋಹದ ಪಟ್ಟಿಯೇ ಆಂಟೆನಾ ಆಗಿತ್ತು. ಎಡಗಡೆ ಕೆಳಗೆ ಇದ್ದ ಸಣ್ಣ ಸೀಳಿನ ಮೇಲೆ ಬೆರಳು ಬಂದರೆ ಸಿಗ್ನಲ್ ಬೀಳುತ್ತಿತ್ತು. ಕೊನೆಗೆ ಕೊಂಡವರಿಗೆ ಕವರ್ ಉಚಿತವಾಗಿ ಕೊಟ್ಟರು. ಈಗಿನ ಫೋನುಗಳಲ್ಲಿ ಆಂಟೆನಾ ಟ್ಯೂನರ್ ಇರುತ್ತದೆ. ಕೈ ಹತ್ತಿರ ಬಂದಾಗ ಕೆಪಾಸಿಟರ್ ಬದಲಿಸಿ ಹದಕ್ಕೆ ತರುತ್ತದೆ. 28 ಗಿಗಾಹರ್ಟ್ಸ್ 5ಜಿಗೆ ಬಂದರೆ ಅರ್ಧ ತರಂಗದ ಉದ್ದ 5.4 ಮಿಲಿಮೀಟರ್. ಅಲ್ಲಿ ಗೆರೆ ಎಳೆದಷ್ಟೂ ಪವರ್ ಹೋಗುವುದರಿಂದ ಪ್ರತಿ ಆಂಟೆನಾದ ಬೆನ್ನಿಗೇ ಅದರ ಪಿಎ, ಎಲ್ಲ ಒಂದೇ ಪ್ಯಾಕೇಜಿನಲ್ಲಿ. ಬೇರೆ ಬೇರೆ ಮೇಜಿನ ಮಾತೇ ಅಲ್ಲಿ ಬರುವುದಿಲ್ಲ.

ಆಂಟೆನಾವನ್ನೇ ಪಿಎಯ ಲೋಡ್ ಆಗಿ ವಿನ್ಯಾಸ ಮಾಡುವ ಯೋಚನೆ ಹಳೆಯದು. 1990ರ ದಶಕದಲ್ಲೇ ಅಮೆರಿಕದ ಯುಸಿಎಲ್ಎಯಲ್ಲಿ ಟಾಟ್ಸುವೊ ಇಟೊ ಅವರ ತಂಡ ಇದನ್ನು ಮಾಡಿ ತೋರಿಸಿತ್ತು. ಮೂಲ ಫ್ರೀಕ್ವೆನ್ಸಿಯಲ್ಲಿ ಪಿಎ ಕೇಳುವ ಓಮ್ ಅನ್ನು ಆಂಟೆನಾ ಕೊಡಬೇಕು, ಹಾರ್ಮೋನಿಕ್‌ಗಳನ್ನು ಹೊರಗೆ ಬಿಡದೆ ವಾಪಸ್ ತಿರುಗಿಸಿ ಪಿಎಯ ದಕ್ಷತೆ ಜಾಸ್ತಿ ಮಾಡಬೇಕು. ಅಂದರೆ ಫಿಲ್ಟರಿನ ಕೆಲಸದಲ್ಲೂ ಆಂಟೆನಾ ಪಾಲು ತೆಗೆದುಕೊಳ್ಳುತ್ತದೆ. ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ನಾವು ತಿಂಗಳುಗಟ್ಟಲೆ ಜಗಳ ಮಾಡಿದ್ದ ಎರಡು ವಸ್ತುಗಳು ಅಲ್ಲಿ ಒಂದೇ ವಸ್ತು.

ಒಪ್ಪಬೇಕಾದ ಕಷ್ಟವೂ ಇದೆ. 50 ಓಮ್ ಬಿಟ್ಟರೆ ಅಳೆಯುವುದು ಕಷ್ಟ, ಯಾಕೆಂದರೆ ಉಪಕರಣಗಳೆಲ್ಲ 50 ಓಮ್‌ನವು. ಕೆಟ್ಟಾಗ ತಪ್ಪು ಯಾವ ಕಡೆ ಅಂತ ಬೇರೆ ಮಾಡಲು ಆಗುವುದಿಲ್ಲ. ಪಿಎ ಚಿಪ್ ಬದಲಿಸಿದರೆ ಆಂಟೆನಾವನ್ನೂ ಮುಟ್ಟಬೇಕು. ಹಾಗಾಗಿ ತೋಟದಲ್ಲಿ ಈಗ ಇರುವ ಪೆಟ್ಟಿಗೆಗಳಲ್ಲಿ 50 ಓಮ್ ಇನ್ನೂ ಇದೆ. ಆದರೆ ಕೆಲಸದ ಕ್ರಮ ಬದಲಾಗಿದೆ. ಮೊದಲ ದಿನವೇ ಪೆಟ್ಟಿಗೆ, ಬ್ಯಾಟರಿ, ಆಂಟೆನಾ, ಪಿಎ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಇಡುತ್ತೇವೆ. ಬೋರ್ಡನ್ನು 85 ಮಿಲಿಮೀಟರಿಗೆ ಉದ್ದ ಮಾಡಿದೆವು, ಆ 25 ಮಿಲಿಮೀಟರಿಗಾಗಿ ಪೆಟ್ಟಿಗೆ ಮಾಡುವವರ ಜೊತೆ ದೊಡ್ಡ ಮಾತುಕತೆಯೇ ಆಯಿತು. ಕೊನೆಯ ಅಳತೆಗೆ ಯಾವ ಕೇಬಲ್ಲೂ ಇಲ್ಲ. ಮನೆಯ ತಾರಸಿ ಮೇಲೆ, ಬ್ಯಾಟರಿಯಲ್ಲಿ ಓಡುವ ಮುಚ್ಚಿದ ಪೆಟ್ಟಿಗೆಯನ್ನು ಮರದ ಸ್ಟೂಲಿನ ಮೇಲಿಟ್ಟು, ಹತ್ತು ಹತ್ತು ಡಿಗ್ರಿ ತಿರುಗಿಸುತ್ತಾ, 3 ಮೀಟರ್ ಆಚೆಯ ರಿಸೀವರಿನಲ್ಲಿ ಎಷ್ಟು ಬಂತು ಅಂತ ಬರೆದುಕೊಳ್ಳುವುದು. ಒಂದು ಸಲ ಒಣಗಿದ್ದಾಗ, ಒಂದು ಸಲ ಚೊಂಬಿನಲ್ಲಿ ನೀರು ಸುರಿದು. ಅದೇ ಹೊತ್ತಿಗೆ ಪಿಎ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಪೆಟ್ಟಿಗೆಯೇ ದಾಖಲಿಸಿ ಸಂದೇಶದಲ್ಲಿ ಕಳಿಸುತ್ತದೆ. ಆ ಒಂದು ಸಂಖ್ಯೆ ಆಂಟೆನಾದ ಆರೋಗ್ಯವನ್ನು ಬಹಳ ಚೆನ್ನಾಗಿ ಹೇಳುತ್ತದೆ, ನೀವೂ ನಿಮ್ಮ ಬೋರ್ಡಿನಲ್ಲಿ ಖಂಡಿತ ಇಟ್ಟುಕೊಳ್ಳಿ.

ಹೊಸ ಪೆಟ್ಟಿಗೆ ತೋಟದ ಕೊನೆಯ ಸಾಲಿನಿಂದ ಮಳೆಯಲ್ಲೂ ಮನೆಗೆ ಮುಟ್ಟುತ್ತಿದೆ, ಸುಮಾರು 900 ಮೀಟರ್, ನಡುವೆ ಪೂರ್ತಿ ಅಡಿಕೆ ಮರ. ಚಿಕ್ಕಪ್ಪ ಇನ್ನೆರಡು ಬೇಕು, ಪಕ್ಕದ ತೋಟದವರಿಗೂ ಒಂದು ಬೇಕಂತೆ ಅಂದಿದ್ದಾರೆ. ಆ ಮೂರರಲ್ಲಿ ಒಂದನ್ನು 50 ಓಮ್ ಇಲ್ಲದೆ, 9ರಿಂದ ನೇರವಾಗಿ 12ಕ್ಕೆ ಹೋಗುವ ಹಾಗೆ ಬರೆಯುತ್ತಿದ್ದೇನೆ. ಬೋರ್ಡ್ ಬಂದ ಮೇಲೆ ಮೂರನ್ನೂ ಒಂದೇ ಮರಕ್ಕೆ ಕಟ್ಟಿ ಅಳೆದು, ಸಂಖ್ಯೆಗಳನ್ನು ಇಲ್ಲೇ ಹಾಕುತ್ತೇನೆ.